ಕೋವಿಗೆ ದುರ್ಬೀನು: ಕೂರಿಸುವ ಬಗೆ, ಹೊಂದಿಸುವ ಬಗೆ

ನಮ್ಮ ಸದಸ್ಯ ಬಾಂಧವರಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಒಮ್ಮೆಯಾದರೂ ಹೋಗಿ ಬಾರದವರು ವಿರಳ. ಕೆಲವರು ನಾಗಪ್ರತಿಷ್ಠೆಯ ಹರಕೆಗೆಂದು ಹೋದರೆ, ಕೆಲವರು ಅಲ್ಲಿಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳನ್ನು ನೋಡಲೆಂದೇ ಹೋಗುತ್ತಾರೆ. ಗರ್ಭಗುಡಿಯಲ್ಲಿ ಪೂರ್ವಕ್ಕೆ ಮುಖಮಾಡಿ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖಮಾಡಿ ನರಸಿಂಹ. ಎದುರು ನಿಂತ ಭಕ್ತನಿಗೆ ನರಸಿಂಹನ ದರ್ಶನವಾಗುವುದು ಹಿಂಬದಿಯಲ್ಲಿಟ್ಟ ಕನ್ನಡಿಯ ಮೂಲಕ. ದೇವರು ಇದ್ದಲ್ಲಿಯೇ ಇದ್ದಾನೆ. ಆದರೆ ಕನ್ನಡಿ ಒಂದಿಷ್ಟು ವಾಲಿತೆನ್ನಿ, ಕಾಣುವುದು ಬರಿಯ ಗೋಡೆ. ಗಾಜಿನ ಮೂಲಕ ನೋಡುವ ಕೆಲಸಕ್ಕೆಲ್ಲ ಈ ಮಾತು ಸಲ್ಲುತ್ತದೆ. ಕೋವಿಯ ಮೇಲೆ ಕೂರಿಸುವ ದುರ್ಬೀನಿಗಂತೂ ಹೆಚ್ಚಾಗಿಯೇ ಸಲ್ಲುತ್ತದೆ.

ಈ ದುರ್ಬೀನನ್ನು ಪೇಟೆಯವರು ಸ್ಕೋಪು ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ. ಕೆಲವು ತಿಂಗಳಿಂದ ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರದ ಬೆಲೆ, ಕೊಳೆರೋಗದ ಔಷಧಿಗಳ ಜೊತೆಗೆ ಇದರ ವಿಚಾರವನ್ನೂ ಕೇಳುತ್ತಿದ್ದಾರೆ. "ಸೆಕ್ರೆಟರಿಗಳೇ, ಅಷ್ಟು ದುಡ್ಡು ಕೊಟ್ಟು ತಂದ ಸ್ಕೋಪು ದಂಡವಾಯಿತು. ಹಳೆಯ ಗುರಿಮಣಿಯಲ್ಲಿ ಹೊಡೆದದ್ದೇ ವಾಸಿಯಿತ್ತು" ಎಂದರು ಒಬ್ಬ ಹಿರಿಯ ಸದಸ್ಯರು. ರೈಫಲ್ಲನ್ನು ತರಿಸಿ ನೋಡಿದೆವು. ಗಾಜಿನಲ್ಲಿ ದೋಷವಿರಲಿಲ್ಲ, ನಳಿಗೆಯಲ್ಲಿಯೂ ಇರಲಿಲ್ಲ. ಸ್ಕೋಪನ್ನು ಹಿಡಿದ ಉಂಗುರದ ಎರಡು ಸ್ಕ್ರೂಗಳು ಬೆರಳಿಗೇ ತಿರುಗುವಷ್ಟು ಸಡಿಲವಾಗಿದ್ದವು. ಇಂಥ ದೂರುಗಳಲ್ಲಿ ಬಹುಪಾಲಿನ ಮೂಲ ಹೀಗೆಯೇ ಇರುವುದರಿಂದ ವಿಷಯವನ್ನು ಕ್ರಮವಾಗಿ ಬರೆಯುವುದು ಉಪಯುಕ್ತವೆಂದು ತೋರಿತು.

ಮೊದಲು ಕಾನೂನು

ಬೇಟೆಯ ರೈಫಲ್ಲು ಎಂಬ ಹೆಸರು ಉಳಿದಿದೆಯೇ ಹೊರತು ಬೇಟೆ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಬಿಗಿಗೊಳಿಸಿತು. 1991ರ ತಿದ್ದುಪಡಿಯೊಡನೆ ಬೇಟೆಯ ಲೈಸೆನ್ಸ್ ಎಂಬುದೇ ಹೋಯಿತು. ಬೆಳೆಗೆ ಹಾನಿ ಮಾಡುವ ಪ್ರಾಣಿಯ ವಿಷಯದಲ್ಲಿಯೂ ಅದೇ ಕಾಯ್ದೆಯ 11ನೇ ಕಲಮಿನಂತೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಹಂದಿ ಅಡಿಕೆ ಸಸಿಯನ್ನು ಬುಡಮೇಲು ಮಾಡಿತೆಂಬ ಸಿಟ್ಟು ಅಪ್ಪಣೆಯಾಗುವುದಿಲ್ಲ. ನವಿಲು, ಆನೆಗಳ ಮಾತಂತೂ ಎತ್ತುವಂತೆಯೇ ಇಲ್ಲ.

ಕೋವಿಯ ವಿಷಯಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದವು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ. ವನ್ಯಜೀವಿ ಕಾಯ್ದೆ ಅಲ್ಲಿಯೂ ಒಂದೇ.

ಹಾಗಾದರೆ ಸ್ಕೋಪು ಯಾರಿಗೆ? ನಮ್ಮ ಸದಸ್ಯರಲ್ಲಿ ಬಹುಮಂದಿಯ ಬಳಿ ಇರುವುದು ಕೇಪಿನ ಕೋವಿ ಅಥವಾ 12 ಬೋರಿನ ಒಂಟಿನಳಿಗೆ, ಜೋಡುನಳಿಗೆ. ಒಳಗೆ ನುಣುಪಾದ ನಳಿಗೆಯಿಂದ ಚರೆ ಹಾರಿಸುವ ಈ ಕೋವಿಗಳಿಗೆ ಸ್ಕೋಪಿನ ಅಗತ್ಯವಿಲ್ಲ. ಅಂಥವರು ಈ ಖರ್ಚಿಗೆ ಇಳಿಯಬಾರದೆಂದು ನೇರವಾಗಿಯೇ ಹೇಳುತ್ತೇವೆ. ನಳಿಗೆಯೊಳಗೆ ಸುರುಳಿ ಗೀರುಗಳಿದ್ದು ಒಂದೇ ಗುಂಡನ್ನು ತಿರುಗಿಸುತ್ತ ಕಳಿಸುವ ರೈಫಲ್ಲಿಗೆ ಮಾತ್ರ ಇದು ತಕ್ಕದ್ದು. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು .22 ಮತ್ತು .315 ರೈಫಲ್ಲುಗಳು. ಸ್ಪರ್ಧೆಗಳಿಗೆ ಹೋಗುವವರು ಆಯಾ ಸ್ಪರ್ಧೆಯ ನಿಯಮವನ್ನು ಮೊದಲೇ ಕೇಳಿಕೊಳ್ಳಬೇಕು. ಕೈಲು ಮುಹೂರ್ತದ ಸಮಯದಲ್ಲಿ ಕೊಡಗಿನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಗಳಲ್ಲಿ ಸಂಘಟಕರು ಹೇಳಿದ್ದೇ ನಿಯಮ. ಒಲಿಂಪಿಕ್ಸಿನ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವೇ ಇಲ್ಲ.

ಯಾವ ಸ್ಕೋಪು?

ಅಂಗಡಿಯವನು ಹೆಚ್ಚು ಪಟ್ಟು ದೊಡ್ಡದಾಗಿ ಕಾಣುವುದನ್ನೇ ಹೊಗಳುತ್ತಾನೆ. ನಮ್ಮ ತೋಟಗಳಿಗೆ ಅದು ಬೇಡ. ಕಾಫಿ ತೋಟದ ನೆರಳಿನಲ್ಲಿ ಐವತ್ತು ಗಜದಾಚೆ ಏನಾದರೂ ಸ್ಪಷ್ಟವಾಗಿ ಕಾಣುವುದೇ ಅಪರೂಪ. ನಾಲ್ಕು ಪಟ್ಟು ದೊಡ್ಡದು ಮಾಡುವ ಸಾದಾ ಸ್ಕೋಪು ಸಾಕು. ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ.

ಕೊಳವೆಯ ದಪ್ಪ ಒಂದು ಇಂಚು ಅಥವಾ 30 ಮಿಲಿಮೀಟರ್ ಇರುತ್ತದೆ. ಅದಕ್ಕೆ ಸರಿಯಾದ ಅಳತೆಯ ಉಂಗುರವನ್ನೇ ಕೊಳ್ಳಬೇಕು; ಕಾಗದವನ್ನೋ ಸೈಕಲ್ ಟ್ಯೂಬನ್ನೋ ಸುತ್ತಿ ದಪ್ಪ ಮಾಡುವ ಉಪಾಯ ನಾಲ್ಕು ಈಡಿಗೂ ಬಾಳುವುದಿಲ್ಲ. ಸ್ಪ್ರಿಂಗಿನ ಏರ್‌ಗನ್ನಿಗೆ ಸ್ಕೋಪು ಹಾಕುವವರು ಅದಕ್ಕೆಂದೇ ತಯಾರಿಸಿದ್ದನ್ನು ಕೇಳಿ ಪಡೆಯಬೇಕು. ಏರ್‌ಗನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುವುದರಿಂದ ಸಾಧಾರಣ ಸ್ಕೋಪಿನ ಒಳಭಾಗ ಕಳಚಿಹೋಗುತ್ತದೆ.

ಬಹಳಷ್ಟು .22 ರೈಫಲ್ಲುಗಳ ಮೇಲ್ಭಾಗದಲ್ಲಿ ಉಂಗುರ ಕಚ್ಚಲು ಗಾಡಿ ಕೊರೆದಿರುತ್ತದೆ. ಹಳೆಯ ರೈಫಲ್ಲುಗಳಲ್ಲಿ ಅದಿರುವುದಿಲ್ಲ. ತೂತು ಕೊರೆದು ತಳಪಟ್ಟಿ ಕೂರಿಸಬೇಕಾಗುತ್ತದೆ. ಈ ಕೆಲಸವನ್ನು ಪಂಪ್‌ಸೆಟ್ಟು ರಿಪೇರಿಯ ಲೇತಿನವನಿಗೆ ಕೊಡಬೇಡಿ. ತೋಟಾ ಸಿಡಿಯುವ ಜಾಗದ ಉಕ್ಕು ಅದು; ಒಂದು ತೂತು ಆಳ ತಪ್ಪಿದರೆ ಕೋವಿಯೇ ಒಡೆಯಬಹುದು. ಅಲ್ಲದೆ ಕೋವಿಯ ರಿಪೇರಿ, ಮಾರ್ಪಾಡುಗಳಿಗೆ ಲೈಸೆನ್ಸ್ ಪಡೆದವರೇ ಬೇಕೆಂಬುದು ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು.

ಕೂರಿಸುವ ಕ್ರಮ

ಎಲ್ಲಕ್ಕೂ ಮೊದಲು ಕೋವಿ ಖಾಲಿಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ತಿಳಿಯಬೇಕು. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಬೋಲ್ಟನ್ನು ಹೊರತೆಗೆಯಿರಿ. ಮಕ್ಕಳನ್ನು ಆಚೆ ಕಳಿಸಿ.

ತಳಪಟ್ಟಿ ಮತ್ತು ಸ್ಕ್ರೂಗಳಿಗೆ ಅಂಟಿದ ಎಣ್ಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಬೇಕು. ಎಣ್ಣೆ ಉಳಿದರೆ ಸ್ಕ್ರೂ ಎಷ್ಟು ಬಿಗಿದರೂ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ತಳಪಟ್ಟಿಯನ್ನು ಬಿಗಿಯಾಗಿ ಕೂರಿಸಿ, ಅದರ ಮೇಲೆ ಉಂಗುರಗಳ ಕೆಳ ಅರ್ಧವನ್ನಿಟ್ಟು, ಸ್ಕೋಪನ್ನು ಮಲಗಿಸಿ, ಮೇಲರ್ಧವನ್ನು ಸಡಿಲವಾಗಿ ಮುಚ್ಚಿ. ಈಗ ಬಿಗಿಯಬಾರದು. ಇನ್ನೂ ಮೂರು ಕೆಲಸಗಳಿವೆ.

ಮೊದಲನೆಯದು ಕಣ್ಣಿನ ದೂರ. ಕಣ್ಣು ಮುಚ್ಚಿ, ಎಂದಿನಂತೆ ಕೋವಿಯನ್ನು ಭುಜಕ್ಕೆ ಏರಿಸಿ, ಕೆನ್ನೆಯನ್ನು ಮರಕ್ಕೆ ಒತ್ತಿ, ಆಮೇಲೆ ಕಣ್ಣು ತೆರೆಯಿರಿ. ಸುತ್ತ ಕಪ್ಪು ಅಂಚಿಲ್ಲದೆ ಪೂರ್ತಿ ವೃತ್ತ ಕಾಣಬೇಕು. ಕಪ್ಪು ನೆರಳು ಕಂಡರೆ ತಲೆಯನ್ನು ಸರಿಸಬೇಡಿ, ಸ್ಕೋಪನ್ನು ಸರಿಸಿ. ಕಣ್ಣಿಗೂ ಹಿಂದಿನ ಗಾಜಿಗೂ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಇಂಚು ಅಂತರವಿರುತ್ತದೆ. .315 ರೈಫಲ್ಲಿನಂಥ ಬಲವಾಗಿ ಒದೆಯುವ ಕೋವಿಯಲ್ಲಿ ಈ ಅಂತರ ಕಡಿಮೆಯಾದರೆ ಗಾಜಿನ ಅಂಚು ಹುಬ್ಬನ್ನು ಸೀಳುತ್ತದೆ.

ಎರಡನೆಯದು ಮಟ್ಟ. ಸ್ಕೋಪಿನೊಳಗೆ ಒಂದು ಅಡ್ಡಗೆರೆ, ಒಂದು ನಿಲುಗೆರೆ ಇರುತ್ತವೆ. ಇವನ್ನು ಗುರಿಗೆರೆ ಎನ್ನೋಣ. ಗಾರೆ ಕೆಲಸದವರ ರಸಮಟ್ಟವನ್ನು ರೈಫಲ್ಲಿನ ತಳಪಟ್ಟಿಯ ಮೇಲಿಟ್ಟು ಕೋವಿಯನ್ನು ಮಟ್ಟಮಾಡಿ, ಮರಳುಚೀಲಗಳ ನಡುವೆ ಅಲುಗದಂತೆ ನಿಲ್ಲಿಸಿ. ಇಪ್ಪತ್ತು ಗಜ ದೂರದಲ್ಲಿ ತೂಗುಗುಂಡಿನ ದಾರವನ್ನು ಇಳಿಬಿಟ್ಟು ಸ್ಕೋಪಿನಲ್ಲಿ ನೋಡಿ. ನಿಲುಗೆರೆಯೂ ದಾರವೂ ಒಂದರ ಮೇಲೊಂದು ಕೂರುವವರೆಗೆ ಸ್ಕೋಪನ್ನು ಉಂಗುರದೊಳಗೆ ಮೆಲ್ಲನೆ ಹೊರಳಿಸಿ. ಗೆರೆ ವಾಲಿದ್ದರೆ ಹತ್ತಿರದ ಗುರಿಯಲ್ಲಿ ತಿಳಿಯುವುದಿಲ್ಲ. ದೂರ ಹೆಚ್ಚಿದಂತೆ ಗುಂಡು ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ.

ಮೂರನೆಯದು ಬಿಗಿಯುವುದು. ಉಂಗುರದ ಸ್ಕ್ರೂಗಳನ್ನು ಒಂದೊಂದನ್ನೇ ಪೂರ್ತಿ ಬಿಗಿಯದೆ, ಜೀಪಿನ ಚಕ್ರದ ನಟ್ಟುಗಳಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪ ಬಿಗಿಯಬೇಕು. ಎರಡೂ ಬದಿಯ ಸಂದು ಸಮವಾಗಿರಲಿ. ಬಿಗಿತ ಎಷ್ಟೆಂಬುದು ತಯಾರಕರ ಚೀಟಿಯಲ್ಲಿರುತ್ತದೆ. ಉಂಗುರದ ಮೇಲಿನ ಸ್ಕ್ರೂಗಳಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡು. ಆಳಿನ ತೋಳುಬಲ ತೋರಿಸುವ ಜಾಗ ಇದಲ್ಲ. ಮಿತಿಮೀರಿದರೆ ಕೊಳವೆ ಚಪ್ಪಟೆಯಾಗಿ ಒಳಗಿನ ಗಾಜು ಕೆಡುತ್ತದೆ.

ಕೊನೆಗೆ ಗುರಿಗೆರೆಯ ಸ್ಪಷ್ಟತೆ. ಬಿಳಿಯ ಗೋಡೆಯ ಕಡೆ ನೋಡುತ್ತ, ಗೆರೆ ತಟ್ಟನೆ ಕರ್ರಗೆ ಕಾಣುವವರೆಗೆ ಹಿಂದಿನ ಗಾಜಿನ ಬಳೆಯನ್ನು ತಿರುಗಿಸಿ. ಒಂದೇ ಸಮ ದಿಟ್ಟಿಸಿದರೆ ಕಣ್ಣು ತಾನೇ ಹೊಂದಿಕೊಂಡು ಮೋಸಮಾಡುತ್ತದೆ. ಎರಡು ಕ್ಷಣ ನೋಡುವುದು, ಬಿಡುವುದು, ಮತ್ತೆ ನೋಡುವುದು. ಸೂರ್ಯನ ಕಡೆಗಂತೂ ಎಂದೂ ತಿರುಗಿಸಕೂಡದು.

ಹೊಂದಿಸುವ ಕ್ರಮ

ಗುಂಡು ಹಾರಿಸಿ ನೋಡುವ ಕೆಲಸ ರೈಫಲ್ ಕ್ಲಬ್ಬಿನ ರೇಂಜಿನಲ್ಲಿಯೇ ಆಗುವುದು ಲೇಸು. ಬೇರೆಡೆಯಾದರೆ ನಿಮ್ಮ ಲೈಸೆನ್ಸಿನ ಷರತ್ತು ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಓದಿಕೊಂಡು, ಠಾಣೆಗೂ ನೆರೆಯವರಿಗೂ ತಿಳಿಸಿ. ಗುರಿಯ ಹಿಂದೆ ಆಳೆತ್ತರಕ್ಕಿಂತ ಮೇಲಿನ ಗಟ್ಟಿ ಮಣ್ಣಿನ ದಿಬ್ಬ ಬೇಕು. ಇತ್ತೀಚೆಗೆ ಕೊಳವೆಬಾವಿಯ ನೀರು ನಂಬಿ ಬಯಲುಸೀಮೆಯಲ್ಲಿಯೂ ಅಡಿಕೆ ಹಾಕಿದವರಿದ್ದಾರೆ. ಘಾಟಿ, ಮಾಕಳಿದುರ್ಗದ ಸುತ್ತಿನಂಥ ಬಂಡೆಯ ನೆಲದಲ್ಲಿ ಗುಂಡು ಕಲ್ಲಿಗೆ ತಾಗಿ ಎತ್ತ ಸಿಡಿಯುವುದೋ ಹೇಳಲಾಗದು. ಕೆರೆಯ ನೀರೂ ಹಾಗೆಯೇ. ಸಣ್ಣದೆಂದು ಅಸಡ್ಡೆ ಮಾಡುವ .22 ಗುಂಡು ತಡೆಯಿಲ್ಲದಿದ್ದರೆ ಒಂದೂವರೆ ಮೈಲಿಯವರೆಗೂ ಹೋಗಬಲ್ಲುದು. ಒಂದೂವರೆ ಮೈಲಿಯೆಂದರೆ ನಮ್ಮಲ್ಲಿ ಎಷ್ಟು ತೋಟ, ಎಷ್ಟು ಲೈನುಮನೆ, ಯಾವ ಶಾಲೆ ಎಂದು ಒಮ್ಮೆ ಎಣಿಸಿಕೊಳ್ಳಿ.

ಮೊದಲು ತೋಟಾ ಇಲ್ಲದೆಯೇ ಒರಟಾಗಿ ಹೊಂದಿಸಿಕೊಳ್ಳಬಹುದು. ಬೋಲ್ಟು ತೆಗೆದ ಕೋವಿಯನ್ನು ಮರಳುಚೀಲದ ಮೇಲಿಟ್ಟು, ನಳಿಗೆಯ ಹಿಂಬದಿಯಿಂದ ಒಳಗಿಣುಕಿ, ಇಪ್ಪತ್ತೈದು ಗಜ ದೂರದ ಕಪ್ಪು ಚುಕ್ಕೆ ನಳಿಗೆಯ ನಡುವೆ ಬರುವಂತೆ ಇಡಿ. ಕೋವಿಯನ್ನು ಅಲುಗಿಸದೆ ಸ್ಕೋಪಿನಲ್ಲಿ ನೋಡಿ, ಗುರಿಗೆರೆಯೂ ಅದೇ ಚುಕ್ಕೆಗೆ ಬರುವಂತೆ ಮೇಲಿನ ಮತ್ತು ಪಕ್ಕದ ತಿರುಪುಗಳನ್ನು ತಿರುಗಿಸಿ. ಇದರಿಂದ ಅನೇಕ ತೋಟಾಗಳ ಖರ್ಚು ಉಳಿಯುತ್ತದೆ.

ಈಗ ಬೋಲ್ಟು ಹಾಕಿ ಇಪ್ಪತ್ತೈದು ಗಜದಿಂದ ಮೂರು ಈಡು ಹೊಡೆಯಿರಿ. ಒಂದು ಈಡಿಗೆ ತಿರುಪು ಮುಟ್ಟಬೇಡಿ. ಒಂದು ಗುಂಡಿನ ತಪ್ಪು ಕೈಯದೋ ಸ್ಕೋಪಿನದೋ ಗೊತ್ತಾಗುವುದಿಲ್ಲ. ಮೂರು ತೂತುಗಳ ನಡುಬಿಂದುವನ್ನು ಪೆನ್ಸಿಲಿನಿಂದ ಗುರುತಿಸಿ, ಗುರಿಯಿಂದ ಅದಕ್ಕೆ ಎಷ್ಟು ಅಂತರವೆಂದು ಅಳೆಯಿರಿ. ಸಾಮಾನ್ಯ ಸ್ಕೋಪಿನಲ್ಲಿ ತಿರುಪಿನ ಒಂದು ಕ್ಲಿಕ್ ಎಂದರೆ ನೂರು ಗಜದಲ್ಲಿ ಕಾಲು ಇಂಚು. ಐವತ್ತು ಗಜದಲ್ಲಿ ಅದರ ಅರ್ಧ, ಅಂದರೆ ಅರೆಕಾಲು ಇಂಚು. ಇಪ್ಪತ್ತೈದು ಗಜದಲ್ಲಿ ಅದರಲ್ಲೂ ಅರ್ಧ. ಲೆಕ್ಕ ಇಷ್ಟೇ: ಐವತ್ತು ಗಜದಲ್ಲಿ ಗುಂಡು ಎರಡು ಇಂಚು ಕೆಳಗೆ, ಒಂದು ಇಂಚು ಎಡಕ್ಕೆ ಬೀಳುತ್ತಿದ್ದರೆ ಮೇಲಕ್ಕೆ 16 ಕ್ಲಿಕ್, ಬಲಕ್ಕೆ 8 ಕ್ಲಿಕ್. ತಿರುಪಿನ ಮೇಲಿನ ಬಾಣದ ಗುರುತು ಗುಂಡು ಬೀಳುವ ಜಾಗ ಯಾವ ಕಡೆಗೆ ಸರಿಯುತ್ತದೆಂಬುದನ್ನು ಹೇಳುತ್ತದೆ.

ಇಪ್ಪತ್ತೈದು ಗಜದಲ್ಲಿ ಸರಿಹೋದ ಮೇಲೆ ಐವತ್ತು ಗಜಕ್ಕೆ ಹೋಗಿ ಮತ್ತೆ ಮೂರು, ಮತ್ತೆ ಅಳತೆ. ನಳಿಗೆ ಬಿಸಿಯಾಗಲು ಬಿಡದೆ ನಡುನಡುವೆ ತಣಿಯಲು ಬಿಡಿ. ಎಲ್ಲ ಈಡುಗಳೂ ಒಂದೇ ಬಗೆಯ ತೋಟಾ ಆಗಿರಲಿ. ತೋಟಾದ ಬಗೆ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಐವತ್ತು ಗಜಕ್ಕೆ ಹೊಂದಿಸಿದ .22 ರೈಫಲ್ಲಿನ ಗುಂಡು ನೂರು ಗಜದಲ್ಲಿ ಸುಮಾರು ಅರ್ಧ ಅಡಿ ಕೆಳಗೆ ಬೀಳುತ್ತದೆ. ಆದ್ದರಿಂದ ದೂರವನ್ನು ಅಂದಾಜು ಮಾಡುವ ಅಭ್ಯಾಸ ಅಗತ್ಯ. ಅಡಿಕೆ ಬೆಳೆಗಾರನಿಗೆ ಇದಕ್ಕೆ ಒಂದು ಅನುಕೂಲ ಉಂಟು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಮರದಿಂದ ಮರಕ್ಕೆ ಸರಿಯಾಗಿ ಮೂರು ಗಜ. ಹದಿನೇಳು ಅಂತರ ಎಣಿಸಿದರೆ ಐವತ್ತೊಂದು ಗಜವಾಯಿತು.

ಗಾಜಿನಲ್ಲಿ ಕಾಣದ್ದು

ಇಷ್ಟು ಹೊತ್ತು ಹೇಳಿದ್ದು ಕೈಕೆಲಸ. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಮುಂದಿನ ಮಾತು. ನಾಲ್ಕು ಪಟ್ಟಿನ ಸ್ಕೋಪಿನಲ್ಲಿ ನೂರು ಗಜದಾಚೆ ಕಾಣುವ ಜಾಗದ ಅಗಲ ಸುಮಾರು ಮೂವತ್ತು ಅಡಿ. ಐವತ್ತು ಗಜದಲ್ಲಿ ಹದಿನೈದು ಅಡಿ. ಅಂದರೆ ಅಡಿಕೆಯ ಎರಡು ಅಂತರದಷ್ಟೂ ಇಲ್ಲ. ಪಕ್ಕದ ಸಾಲಿನಲ್ಲಿ ಬಿದ್ದ ಅಡಿಕೆ ಹೆಕ್ಕುತ್ತಿರುವ ಹೆಂಗಸು, ಕಾಫಿ ಗಿಡದ ಹಿಂದೆ ಸೌದೆ ಕಟ್ಟುತ್ತಿರುವ ಆಳು, ಬೇಲಿ ದಾಟಿ ದನ ಹುಡುಕಿಕೊಂಡು ಬಂದ ಹುಡುಗ ಗಾಜಿನೊಳಗೆ ಇಲ್ಲವೇ ಇಲ್ಲ. ಸ್ಕೋಪು ಗುರಿಯನ್ನು ಹತ್ತಿರ ತರುತ್ತದೆ. ಜೊತೆಗೇ ಗುರಿಯ ಆಚೀಚೆಯನ್ನು ಮರೆಮಾಡುತ್ತದೆ.

ಕೊಡಗು, ಚಿಕ್ಕಮಗಳೂರು, ಹಾಸನಗಳ ತೋಟಗಳಲ್ಲಿ ಹಂದಿಯೆಂದು ತಿಳಿದು ಮನುಷ್ಯನ ಮೇಲೆ ಗುಂಡು ಹಾರಿಸಿದ ಸುದ್ದಿಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಹೊಡೆದವನಿಗೂ ಸತ್ತವನಿಗೂ ಎಷ್ಟೋ ಸಲ ಒಂದೇ ಊರು, ಒಂದೇ ದಾರಿ. ಒಂದು ಮನೆಯಲ್ಲಿ ಸೂತಕ, ಇನ್ನೊಂದು ಮನೆಯ ಯಜಮಾನ ಜೈಲಿನಲ್ಲಿ. ಎರಡೂ ತೋಟಗಳು ಹಾಳು. ಸಂಜೆಗತ್ತಲು ಇದಕ್ಕೆ ಹೆಚ್ಚು ಅಪಾಯದ ಹೊತ್ತು. ಹಂದಿ ಹೊರಡುವ ಸಮಯವೂ ಅದೇ, ಕೂಲಿಯವರು ಮನೆಗೆ ಮರಳುವ ಸಮಯವೂ ಅದೇ. ಒಳ್ಳೆಯ ಸ್ಕೋಪು ಮಬ್ಬಿನಲ್ಲಿಯೂ ಬರಿಗಣ್ಣಿಗಿಂತ ಚೆನ್ನಾಗಿ ತೋರಿಸುವುದರಿಂದ, ಬೆಳಕು ಹೋದ ಮೇಲೆಯೂ ಇದೆಯೆಂಬ ಭ್ರಮೆ ಹುಟ್ಟುತ್ತದೆ. ಬರಿಗಣ್ಣಿಗೆ ಗುರುತು ಹತ್ತದ್ದನ್ನು ಸ್ಕೋಪಿನಲ್ಲಿ ಗುರುತಿಸಲು ಹೋಗಬಾರದು.

ಏನಿದೆ ಎಂದು ನೋಡಲು ಕೋವಿಯನ್ನು ಎತ್ತುವ ದುರಭ್ಯಾಸ ಸ್ಕೋಪು ಬಂದ ಮೇಲೆ ಹೆಚ್ಚಿದೆ. ನೋಡಿದ್ದು ಮನುಷ್ಯನಾಗಿದ್ದರೆ, ನೀವು ಮನುಷ್ಯನಿಗೆ ರೈಫಲ್ಲು ಗುರಿಯಿಟ್ಟಂತಾಯಿತು. ನೋಡುವುದಕ್ಕೆ ಕೈದುರ್ಬೀನು ಬೇರೆ ಇರಲಿ. ಇನ್ನೊಂದು ಸೂಕ್ಷ್ಮವಿದೆ. ಸ್ಕೋಪು ನಳಿಗೆಗಿಂತ ಒಂದೂವರೆ ಇಂಚಿನಷ್ಟು ಮೇಲಿರುತ್ತದೆ. ಕಣ್ಣಿಗೆ ದಾರಿ ತೆರವಾಗಿ ಕಂಡರೂ ನಳಿಗೆಯ ಬಾಯಿಯ ಮುಂದೆ ಕಾಫಿಯ ರೆಂಬೆಯೋ ಕಲ್ಲೋ ಅಡ್ಡವಿರಬಹುದು. ಈಡಿಗೆ ಮುನ್ನ ಕಣ್ಣನ್ನು ಗಾಜಿನಿಂದ ತೆಗೆದು ಎರಡೂ ಕಣ್ಣಿನಿಂದ ಮುಂದೆ, ಆಚೀಚೆ, ಹಿನ್ನೆಲೆ ನೋಡಿ, ಆಮೇಲೆ ಟ್ರಿಗರಿಗೆ ಬೆರಳಿಡಿ.

ಹೊಂದಿಸದ ಸ್ಕೋಪಿನಿಂದ ಮತ್ತೊಂದು ಅನರ್ಥ. ಅಪ್ಪಣೆಯ ಕಾಗದ ಕೈಯಲ್ಲಿದ್ದು ಹೊಡೆದರೂ, ಗುಂಡು ನಾಲ್ಕು ಇಂಚು ತಪ್ಪಿದರೆ ಹಂದಿ ಗಾಯಗೊಂಡು ಪೊದೆ ಸೇರುತ್ತದೆ. ಮರುದಿನ ಅದೇ ಪೊದೆಯ ಬಳಿ ಕಳೆ ತೆಗೆಯಲು ಹೋಗುವವರು ನಮ್ಮ ಆಳುಗಳು.

ಮಳೆಗಾಲ ಮತ್ತು ಚುನಾವಣೆ

ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಗಾಜನ್ನು ಬಿಟ್ಟೀತೆ? ಒಮ್ಮೆ ಗಾಜಿನ ಮೇಲೆ ಬೇರುಬಿಟ್ಟ ಬೂಷ್ಟು ಒರೆಸಿದರೂ ಗೀರು ಉಳಿಸಿಹೋಗುತ್ತದೆ. ಚರ್ಮದ ಚೀಲದಲ್ಲಿ ಕಟ್ಟಿಡಬೇಡಿ. ಗಾಳಿಯಾಡುವ ಒಣ ಬೀರುವಿನಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿಡಿ. ಗಾಜಿನ ಧೂಳನ್ನು ಮೊದಲು ಮೆತ್ತನೆಯ ಕುಂಚದಿಂದ ಹಾರಿಸಿ, ಆಮೇಲೆ ಒರೆಸಿ. ಪಂಚೆಯ ತುದಿಯಿಂದ ತಿಕ್ಕುವುದು ಬೇಡ.

ಚುನಾವಣೆ ಬಂದಾಗ ಅಧಿಕಾರಿಗಳ ಆದೇಶದಂತೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡುವುದು ನಮಗೆಲ್ಲ ರೂಢಿ. ಹತ್ತಾರು ಕೋವಿಗಳ ನಡುವೆ ಒರಗಿ, ಜೀಪಿನಲ್ಲಿ ಕುಲುಕಿ ಬಂದ ರೈಫಲ್ಲಿನ ಸ್ಕೋಪು ಹೋದಾಗ ಇದ್ದಂತೆಯೇ ಇರುತ್ತದೆಂದು ನಂಬಬಾರದು. ಸ್ಕ್ರೂಗಳ ತಲೆಯಿಂದ ಉಂಗುರಕ್ಕೆ ತಾಗುವಂತೆ ಉಗುರುಬಣ್ಣದ ಒಂದು ಗೆರೆ ಎಳೆದಿಟ್ಟರೆ, ಸ್ಕ್ರೂ ಕದಲಿದ್ದು ನೋಡಿದೊಡನೆ ಗೊತ್ತಾಗುತ್ತದೆ. ಆದರೂ ರೇಂಜಿನಲ್ಲಿ ಮೂರು ಈಡು ಹೊಡೆದು ನೋಡದೆ ಆ ಕೋವಿಯನ್ನು ಬಳಕೆಗೆ ತೆಗೆಯಬೇಡಿ. ಯಾವ ದಿನ, ಯಾವ ತೋಟಾ, ಎಷ್ಟು ಗಜಕ್ಕೆ ಹೊಂದಿಸಿದ್ದು ಎಂಬುದನ್ನು ಲೈಸೆನ್ಸಿನ ಜೊತೆಗಿಡುವ ಒಂದು ಚೀಟಿಯಲ್ಲಿ ಬರೆದಿಡಿ.

ರಸಮಟ್ಟ, ತೂಗುಗುಂಡು ಮತ್ತು ಬಿಗಿತ ತೋರಿಸುವ ಸ್ಕ್ರೂಕೀಲಿ ಸಂಘದ ಕಚೇರಿಯಲ್ಲಿವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು. ಕೋವಿಯನ್ನು ಮಾತ್ರ ಕಚೇರಿಗೆ ತರುವುದು ಬೇಡ; ಸಂತೆಯ ದಿನ ಇಲ್ಲಿ ಜನ ಬಹಳ.